ಓದುಗರ ಪ್ರಶ್ನೆ: ಪೆನ್ನು ಓಡುತ್ತದೆ, ಒತ್ತಡ ಮಾತ್ರ ಬರುವುದಿಲ್ಲ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲವೂ ಡ್ರಾಯಿಂಗ್ ಟ್ಯಾಬ್ಲೆಟ್ಟನ್ನು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಜೋಡಿಸಿ ಒಗ್ಗಿಸಿಕೊಳ್ಳುವ ವಿಷಯಕ್ಕೆ ಸೇರಿದವು. ಮೊದಲ ಪ್ರಶ್ನೆಯನ್ನೇ ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಹಲವು ವರ್ಷಗಳಿಂದ ಕಾಗದದ ಮೇಲೆ ಚಿತ್ರ ಬರೆಯುತ್ತಿರುವ ನಾನು ಇತ್ತೀಚೆಗೆ ಪರದೆಯಿಲ್ಲದ ಒಂದು ಡ್ರಾಯಿಂಗ್ ಟ್ಯಾಬ್ಲೆಟ್ ಕೊಂಡು, ವಿಂಡೋಸ್ ಇರುವ ಡೆಸ್ಕ್‌ಟಾಪಿಗೆ ಜೋಡಿಸಿದ್ದೇನೆ. ಪೆನ್ನು ಆಡಿಸಿದಂತೆ ಕರ್ಸರ್ ಓಡಾಡುತ್ತದೆ, ಗೆರೆಯೂ ಬೀಳುತ್ತದೆ. ಆದರೆ ಎಷ್ಟೇ ಒತ್ತಿ ಬರೆದರೂ ಗೆರೆಯ ದಪ್ಪ ಬದಲಾಗುವುದಿಲ್ಲ. ಇದೇ ಕಂಪ್ಯೂಟರಿನಲ್ಲಿ ಮೊದಲು ಬೇರೊಂದು ಕಂಪನಿಯ ಟ್ಯಾಬ್ಲೆಟ್ ಬಳಕೆಯಲ್ಲಿತ್ತು. ಹೊಸದು ಕೆಟ್ಟಿದೆಯೆಂದು ಹಿಂತಿರುಗಿಸಬೇಕೇ?

ಉತ್ತರ: ಹಿಂತಿರುಗಿಸುವ ಅವಸರ ಬೇಡ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಟ್ಯಾಬ್ಲೆಟ್ ಕೆಟ್ಟಿರುವ ಸಾಧ್ಯತೆಗಿಂತ, ಒತ್ತಡದ ಸುದ್ದಿ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿರುವ ಸಾಧ್ಯತೆಯೇ ಹೆಚ್ಚು. ಆ ಸುದ್ದಿ ಪೆನ್ನಿನಿಂದ ಟ್ಯಾಬ್ಲೆಟ್ಟಿಗೆ, ಅಲ್ಲಿಂದ ಡ್ರೈವರಿಗೆ (ಟ್ಯಾಬ್ಲೆಟ್ಟಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಸಣ್ಣ ತಂತ್ರಾಂಶ), ಡ್ರೈವರಿನಿಂದ ವಿಂಡೋಸಿಗೆ, ಕೊನೆಗೆ ನೀವು ಚಿತ್ರ ಬರೆಯುವ ತಂತ್ರಾಂಶಕ್ಕೆ, ಹೀಗೆ ಹಲವು ಕೈ ದಾಟಿ ಬರಬೇಕು. ಯಾವ ಕೈಯಲ್ಲಿ ಅದು ಜಾರಿತು ಎಂಬುದನ್ನು ಮೊದಲು ಪತ್ತೆ ಹಚ್ಚಿದರೆ ಉಳಿದ ಕೆಲಸ ಹಗುರವಾಗುತ್ತದೆ; ಅದನ್ನು ಬಿಟ್ಟು ಸಿಕ್ಕ ಸೆಟ್ಟಿಂಗುಗಳನ್ನೆಲ್ಲ ಒಂದೊಂದಾಗಿ ತಿರುವಿದರೆ ಸರಿಯಿದ್ದದ್ದೂ ಕೆಡುತ್ತದೆ.

ಪೆನ್ನಿನಿಂದ ಆರಂಭಿಸೋಣ. ಈಗಿನ ಹೆಚ್ಚಿನ ಟ್ಯಾಬ್ಲೆಟ್ಟುಗಳ ಪೆನ್ನಿನಲ್ಲಿ ಬ್ಯಾಟರಿ ಇರುವುದಿಲ್ಲ. ಟ್ಯಾಬ್ಲೆಟ್ಟಿನ ಮೇಲ್ಮೈಯ ಕೆಳಗೆ ಹರಡಿರುವ ತಂತಿಗಳ ಜಾಲವು ಒಂದು ಕ್ಷಣ ವಿದ್ಯುತ್ಕಾಂತೀಯ ಸಂಕೇತವನ್ನು ಹೊರಡಿಸುತ್ತದೆ, ಮರುಕ್ಷಣ ತಾನೇ ಸುಮ್ಮನಾಗಿ ಆಲಿಸುತ್ತದೆ. ಪೆನ್ನಿನೊಳಗಿರುವ ತಂತಿಯ ಸುರುಳಿ ಮತ್ತು ಕೆಪಾಸಿಟರ್ ಸೇರಿದ ಸಣ್ಣ ಮಂಡಲವು ಆ ಶಕ್ತಿಯನ್ನೇ ಹೀರಿಕೊಂಡು ಮಾರುತ್ತರ ಕಳುಹಿಸುತ್ತದೆ. ಮಾರುತ್ತರ ಯಾವ ತಂತಿಗಳಲ್ಲಿ ಬಲವಾಗಿ ಕೇಳಿಸಿತು ಎಂಬುದರಿಂದ ಪೆನ್ನಿನ ಸ್ಥಾನ ತಿಳಿಯುತ್ತದೆ. ಮೊನೆಯನ್ನು ಒತ್ತಿದಾಗ ಮಂಡಲದ ಗುಣ ತುಸು ಬದಲಾಗಿ ಮಾರುತ್ತರದ ಆವರ್ತನ ಸರಿಯುವುದರಿಂದ ಒತ್ತಡ ತಿಳಿಯುತ್ತದೆ. ಪೆನ್ನು ಮೇಲ್ಮೈಗೆ ತಾಗದೆ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿದ್ದಾಗಲೂ ಕರ್ಸರ್ ಚಲಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಕರ್ಸರ್ ಓಡಾಡುತ್ತಿದೆ ಎಂಬ ನಿಮ್ಮ ಮಾತು, ಪೆನ್ನು ಮತ್ತು ಟ್ಯಾಬ್ಲೆಟ್ಟಿನ ನಡುವೆ ಮಾತುಕತೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ.

ಆದರೆ ಡ್ರೈವರ್ ಸರಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅನೇಕರು ಎಡವುವುದು ಇಲ್ಲೇ. ಬಹಳಷ್ಟು ಟ್ಯಾಬ್ಲೆಟ್ಟುಗಳು ತಮ್ಮ ಡ್ರೈವರ್ ಇಲ್ಲದ ಕಂಪ್ಯೂಟರಿಗೂ ಮೌಸಿನಂತೆ ಪರಿಚಯ ಹೇಳಿಕೊಂಡು ಕೆಲಸಕ್ಕೆ ನಿಲ್ಲುತ್ತವೆ. ಮೌಸಿನ ಭಾಷೆಯಲ್ಲಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ಕ್ಲಿಕ್ ಎಂಬಷ್ಟೇ ಪದಗಳಿವೆ. ಒತ್ತಡಕ್ಕೆ ಅದರಲ್ಲಿ ಪದವೇ ಇಲ್ಲ. ನಿಮ್ಮ ಟ್ಯಾಬ್ಲೆಟ್ ಸದ್ಯಕ್ಕೆ ಆ ಭಾಷೆಯಲ್ಲಿಯೇ ಮಾತಾಡುತ್ತಿರಬಹುದು.

ಪರೀಕ್ಷೆ ಹೀಗೆ ಮಾಡಿ. ಟ್ಯಾಬ್ಲೆಟ್ ತಯಾರಿಸಿದ ಕಂಪನಿಯ ಡ್ರೈವರ್ ಕಿಟಕಿಯನ್ನು ತೆರೆದರೆ, ಪೆನ್ನಿನ ಪುಟದಲ್ಲಿ ಒತ್ತಡವನ್ನು ಪರೀಕ್ಷಿಸುವ ಒಂದು ಪಟ್ಟಿಯೋ ಖಾಲಿ ಚೌಕವೋ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಪೆನ್ನನ್ನು ಮೆಲ್ಲಗೆ ಒತ್ತಿ, ನಂತರ ಜೋರಾಗಿ ಒತ್ತಿ. ಪಟ್ಟಿ ಏರಿಳಿದರೆ ಪೆನ್ನು, ಟ್ಯಾಬ್ಲೆಟ್, ಕೇಬಲ್, ಡ್ರೈವರ್ ನಾಲ್ಕೂ ಸರಿಯಿವೆ. ದೋಷ ಮುಂದಿನ ಹಂತದಲ್ಲಿದೆ. ಪಟ್ಟಿ ಕದಲದಿದ್ದರೆ ಅಥವಾ ಟ್ಯಾಬ್ಲೆಟ್ ಜೋಡಿಸಿಲ್ಲ ಎಂಬ ಸೂಚನೆ ಬಂದರೆ ಡ್ರೈವರಿನ ಮೇಲೆ ಗುಮಾನಿ ಪಡಬೇಕು. ನಿಮ್ಮ ವಿಷಯದಲ್ಲಿ ಹಳೆಯ ಕಂಪನಿಯ ಡ್ರೈವರ್ ಇನ್ನೂ ಅಲ್ಲೇ ಉಳಿದಿರುವುದು ಬಹುಮಟ್ಟಿಗೆ ಇದಕ್ಕೆ ಕಾರಣವಾಗಿರುತ್ತದೆ.

ಎರಡು ಕಂಪನಿಗಳ ಡ್ರೈವರುಗಳು ಒಂದೇ ಮನೆಯಲ್ಲಿ ಏಕೆ ಬಾಳಲಾರವು ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ವಿಂಡೋಸಿನಲ್ಲಿ ಪೆನ್ನಿನ ಮಾಹಿತಿ ತಂತ್ರಾಂಶಗಳಿಗೆ ತಲುಪುವ ಹಳೆಯ ದಾರಿಯ ಹೆಸರು ವಿನ್‌ಟ್ಯಾಬ್. ಈ ದಾರಿಯ ಕಡತ ವಿಂಡೋಸಿನ ವ್ಯವಸ್ಥಾ ಫೋಲ್ಡರಿನಲ್ಲಿ ಒಂದೇ ಹೆಸರಿನಲ್ಲಿ ಇರುತ್ತದೆ. ಯಾರ ಡ್ರೈವರ್ ಕೊನೆಗೆ ಬಂತೋ ಅವರ ಕಡತ ಅಲ್ಲಿ ಕೂರುತ್ತದೆ. ಹಳೆಯ ಡ್ರೈವರನ್ನು ತೆಗೆದ ಮೇಲೂ ಕಡತ ಕೆಲವೊಮ್ಮೆ ಜಾಗ ಬಿಟ್ಟು ಕದಲುವುದಿಲ್ಲ. ಆಗ ಚಿತ್ರದ ತಂತ್ರಾಂಶವು ಹೊಸ ಟ್ಯಾಬ್ಲೆಟ್ಟಿನ ಒತ್ತಡವನ್ನು, ಈಗ ಇಲ್ಲದ ಹಳೆಯ ಟ್ಯಾಬ್ಲೆಟ್ಟಿನ ಬಾಗಿಲಲ್ಲಿ ನಿಂತು ಕೇಳಿದಂತಾಗುತ್ತದೆ.

ಆದ್ದರಿಂದ ಟ್ಯಾಬ್ಲೆಟ್ಟಿನ ಕೇಬಲ್ ಕಿತ್ತು, ಎರಡೂ ಕಂಪನಿಗಳ ಡ್ರೈವರುಗಳನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಈ ರೀಸ್ಟಾರ್ಟನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ದಯವಿಟ್ಟು ಬಿಡಬೇಡಿ. ಬಳಕೆಯಲ್ಲಿರುವ ಕಡತವನ್ನು ವಿಂಡೋಸ್ ಅಳಿಸುವುದು ಮುಂದಿನ ಆರಂಭದಲ್ಲಿ. ಬಳಿಕ ಪೆಟ್ಟಿಗೆಯ ಜೊತೆ ಬಂದ ಡಿಸ್ಕನ್ನು ಬದಿಗಿಟ್ಟು, ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್ಲಿನ ಹೆಸರಿಗೆ ಸರಿಹೊಂದುವ ಡ್ರೈವರನ್ನೇ ಇಳಿಸಿಕೊಳ್ಳಿ. ಚಿತ್ರದ ತಂತ್ರಾಂಶಗಳನ್ನೆಲ್ಲ ಮುಚ್ಚಿ ಡ್ರೈವರ್ ಹಾಕಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಟ್ಯಾಬ್ಲೆಟ್ ಜೋಡಿಸಿ. ಕೇಬಲ್ ಯಾವಾಗ ಚುಚ್ಚಬೇಕೆಂದು ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಕೈಪಿಡಿಯ ಮಾತನ್ನೇ ನಡೆಸಿ.

ಕೇಬಲ್ ಬಗ್ಗೆ ಒಂದು ಮಾತು. ಈ ಅಂಕಣ ಬರೆಯುವ ನಾನೇ ಒಮ್ಮೆ ಎರಡು ಸಂಜೆಗಳನ್ನು ಡ್ರೈವರ್ ತೆಗೆಯುವುದರಲ್ಲಿ, ಹಾಕುವುದರಲ್ಲಿ ಕಳೆದು, ಕೊನೆಗೆ ನೋಡಿದರೆ ಟ್ಯಾಬ್ಲೆಟ್ಟಿಗೆ ಚುಚ್ಚಿದ್ದು ಫೋನಿಗೆ ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್ ಆಗಿತ್ತು. ಟ್ಯಾಬ್ಲೆಟ್ಟಿನ ದೀಪವೇನೋ ಉರಿಯುತ್ತಿತ್ತು, ಆ ದೀಪವನ್ನೇ ನಂಬಿ ಕೂತಿದ್ದೆ. ಇಂಥ ಕೇಬಲ್ಲಿನಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇರುತ್ತವೆ, ಮಾಹಿತಿಯ ತಂತಿಗಳಿರುವುದಿಲ್ಲ. ಹಾಗೆಯೇ ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟು ಅಥವಾ ಹಲವು ಸಾಧನಗಳು ನೇತಾಡುತ್ತಿರುವ ಹಬ್ಬಿನ ಬದಲು, ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಮದರ್‌ಬೋರ್ಡಿಗೆ ನೇರವಾಗಿ ಸೇರಿರುವ ಯುಎಸ್‌ಬಿ ಪೋರ್ಟಿನಲ್ಲಿ ಜೋಡಿಸಿ ನೋಡುವುದು ಒಳ್ಳೆಯದು. ಪೆನ್ನು ಬಿಟ್ಟುಬಿಟ್ಟು ಸ್ಪಂದಿಸುವ ದೂರುಗಳಲ್ಲಿ ಕೆಲವು ಇಷ್ಟರಿಂದಲೇ ತೀರುತ್ತವೆ.

ಈಗ ಡ್ರೈವರಿನ ಕಿಟಕಿಯಲ್ಲಿ ಒತ್ತಡ ಕಾಣಿಸುತ್ತಿದೆ, ಚಿತ್ರದ ತಂತ್ರಾಂಶದಲ್ಲಿ ಮಾತ್ರ ಇಲ್ಲ ಎಂದುಕೊಳ್ಳೋಣ. ವಿಂಡೋಸಿನಲ್ಲಿ ಪೆನ್ನಿಗೆ ಎರಡು ದಾರಿಗಳಿವೆ. 1990ರ ದಶಕದಿಂದ ಇರುವ ವಿನ್‌ಟ್ಯಾಬ್ ಒಂದು. ಮೈಕ್ರೋಸಾಫ್ಟ್ ತಾನೇ ರೂಪಿಸಿ ಈಗ ವಿಂಡೋಸ್ ಇಂಕ್ ಎಂದು ಕರೆಯುವ ದಾರಿ ಇನ್ನೊಂದು. ಡ್ರೈವರ್ ಒಂದು ದಾರಿಯಲ್ಲಿ ಸುದ್ದಿ ಕಳುಹಿಸುತ್ತಿದ್ದು, ತಂತ್ರಾಂಶ ಮತ್ತೊಂದು ದಾರಿಯಲ್ಲಿ ಕಾಯುತ್ತಿದ್ದರೆ ಕರ್ಸರ್ ಓಡುತ್ತದೆ, ಒತ್ತಡ ಬರುವುದಿಲ್ಲ. ನಿಮ್ಮ ಪತ್ರದಲ್ಲಿರುವ ಲಕ್ಷಣ ಅಕ್ಷರಶಃ ಇದೇ. ಡ್ರೈವರಿನ ಕಿಟಕಿಯಲ್ಲಿ ‘ವಿಂಡೋಸ್ ಇಂಕ್’ ಎಂಬ ಗುರುತಿನ ಚೌಕ ಇದೆಯೇ ನೋಡಿ. ಫೋಟೋಶಾಪಿನ ಈಚಿನ ಆವೃತ್ತಿಗಳು ತಾವಾಗಿಯೇ ಹಿಡಿಯುವುದು ವಿಂಡೋಸ್ ಇಂಕ್ ದಾರಿಯನ್ನು. ಆದ್ದರಿಂದ ಅದನ್ನು ಬಳಸುವವರು ಚೌಕದಲ್ಲಿ ಗುರುತು ಉಳಿಸಿಕೊಳ್ಳಬೇಕು. ಕ್ರಿತಾದಲ್ಲಿ ‘ಕಾನ್ಫಿಗರ್ ಕ್ರಿತಾ’ ಕಿಟಕಿಯ ಟ್ಯಾಬ್ಲೆಟ್ ಪುಟಕ್ಕೆ ಹೋದರೆ ಎರಡು ದಾರಿಗಳಲ್ಲಿ ಒಂದನ್ನು ನೀವೇ ಆರಿಸಬಹುದು, ಆರಿಸಿದ ಮೇಲೆ ಕ್ರಿತಾವನ್ನು ಮುಚ್ಚಿ ತೆರೆಯಬೇಕು. ಕ್ಲಿಪ್ ಸ್ಟುಡಿಯೋ ಪೇಂಟಿನ ‘ಪ್ರಿಫರೆನ್ಸಸ್’ ಒಳಗೂ ಇಂಥದೇ ಆಯ್ಕೆಯಿದೆ, ಅಲ್ಲಿ ವಿಂಡೋಸಿನ ದಾರಿಗೆ ಟ್ಯಾಬ್ಲೆಟ್ ಪಿಸಿ ಎಂದು ಹೆಸರು. ಯಾವ ದಾರಿ ಮೇಲು ಎಂಬ ವಾದಕ್ಕೆ ಕೊನೆಯಿಲ್ಲ; ಎರಡೂ ಕಡೆ ಒಂದೇ ಇರಲಿ ಎಂಬುದಷ್ಟೇ ನನ್ನ ಸಲಹೆ. ಕ್ರಿತಾದ ಅದೇ ಪುಟದಲ್ಲಿರುವ ಟ್ಯಾಬ್ಲೆಟ್ ಪರೀಕ್ಷಕವನ್ನು ಒಮ್ಮೆ ತೆರೆದು ಗೆರೆಯೆಳೆಯಿರಿ. ತಂತ್ರಾಂಶಕ್ಕೆ ತಲುಪಿದ ಒತ್ತಡವನ್ನು ಅದು ಅಂಕಿಯಲ್ಲಿಯೇ ತೋರಿಸುವುದರಿಂದ ಊಹೆಗೆ ಅವಕಾಶವಿರುವುದಿಲ್ಲ. ಕ್ರಿತಾ ಉಚಿತ ತಂತ್ರಾಂಶವಾದ್ದರಿಂದ, ನೀವು ಚಿತ್ರ ಬರೆಯುವುದು ಬೇರೆ ಯಾವುದರಲ್ಲೇ ಆದರೂ ಪರೀಕ್ಷೆಗೆಂದು ಅದನ್ನು ಹಾಕಿಕೊಂಡಿರುವುದು ಉಪಯುಕ್ತ.

ಇಷ್ಟಾದ ಮೇಲೂ ಗೆರೆ ಒಂದೇ ದಪ್ಪವಾಗಿದ್ದರೆ ಬ್ರಷ್ಷನ್ನು ನೋಡಿ. ಒತ್ತಡ ಬಂದು ತಲುಪಿದರೂ ಅದನ್ನು ಗಾತ್ರಕ್ಕೋ ಬಣ್ಣದ ಸಾಂದ್ರತೆಗೋ ಕಟ್ಟದ ಬ್ರಷ್ಷುಗಳು ಎಲ್ಲ ತಂತ್ರಾಂಶಗಳಲ್ಲೂ ಇವೆ. ಫೋಟೋಶಾಪಿನಲ್ಲಿ ಬ್ರಷ್ ಸೆಟ್ಟಿಂಗಿನ ‘ಶೇಪ್ ಡೈನಾಮಿಕ್ಸ್’ ಭಾಗದಲ್ಲಿ ‘ಪೆನ್ ಪ್ರೆಶರ್’ ಆರಿಸಿ. ಅದರ ಪಕ್ಕ ಎಚ್ಚರಿಕೆಯ ಸಣ್ಣ ತ್ರಿಕೋನ ಮೂಡಿದರೆ ಒತ್ತಡದ ಸುದ್ದಿ ಅಲ್ಲಿಯವರೆಗೆ ಬಂದೇ ಇಲ್ಲ ಎಂದು ತಿಳಿಯಬೇಕು. ಗಿಂಪ್ ಬಳಸುವವರು ‘ಎಡಿಟ್’ ಮೆನುವಿನ ‘ಇನ್‌ಪುಟ್ ಡಿವೈಸಸ್’ ತೆರೆದು, ಪೆನ್ನಿನ ಎದುರು ‘ಡಿಸೇಬಲ್ಡ್’ ಎಂದಿದ್ದರೆ ‘ಸ್ಕ್ರೀನ್’ ಎಂದು ಬದಲಿಸಬೇಕು. ಟ್ಯಾಬ್ಲೆಟ್ ಜೋಡಿಸಿದ ನಂತರವೇ ಗಿಂಪನ್ನು ತೆರೆಯುವುದು ವಾಸಿ.

ಪ್ರಶ್ನೆ: ನನ್ನ ಟ್ಯಾಬ್ಲೆಟ್ಟಿನಲ್ಲಿ ವೃತ್ತ ಬರೆದರೆ ಪರದೆಯಲ್ಲಿ ಅಡ್ಡಲಾಗಿ ಮಲಗಿದ ಮೊಟ್ಟೆ ಮೂಡುತ್ತದೆ. ಎರಡನೆಯ ಮಾನಿಟರ್ ಹಾಕಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ಕೈ ಪಳಗಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ, ಸರಿಹೋಗಲಿ ಎಂದು ಕೈಯನ್ನು ಹಾಗೆ ಪಳಗಿಸಲೂ ಬಾರದು. ತಪ್ಪು ಕೈಯದಲ್ಲ, ಲೆಕ್ಕದ್ದು. ಮೌಸನ್ನು ಎತ್ತಿ ಬೇರೆಡೆ ಇಟ್ಟರೆ ಕರ್ಸರ್ ಇದ್ದಲ್ಲೇ ಇರುತ್ತದೆ. ಪೆನ್ನು ಹಾಗಲ್ಲ, ಟ್ಯಾಬ್ಲೆಟ್ಟಿನ ಎಡ ಮೇಲ್ತುದಿ ಎಂದರೆ ಪರದೆಯ ಎಡ ಮೇಲ್ತುದಿ, ನಡು ಎಂದರೆ ನಡು, ಹೀಗೆ ಪ್ರತಿ ಬಿಂದುವಿಗೂ ಪರದೆಯಲ್ಲಿ ಗೊತ್ತಾದ ಸ್ಥಾನವಿರುತ್ತದೆ. ಟ್ಯಾಬ್ಲೆಟ್ಟಿನ ಉದ್ದಗಲದ ಅನುಪಾತವೂ ಪರದೆಯ ಅನುಪಾತವೂ ಬೇರೆಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗುವುದು ಅನಿವಾರ್ಯ.

ಉದಾಹರಣೆಗೆ ನಿಮ್ಮ ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಅಂಗುಲ ಅಗಲ, 6.25 ಅಂಗುಲ ಎತ್ತರ ಇದೆ ಎನ್ನೋಣ. ಬಹಳ ಟ್ಯಾಬ್ಲೆಟ್ಟುಗಳ ಅಳತೆ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಮಾನಿಟರ್ 1920ಕ್ಕೆ 1080 ಪಿಕ್ಸೆಲ್ ಆಗಿದ್ದರೆ ಅಡ್ಡಲಾಗಿ ಒಂದು ಅಂಗುಲಕ್ಕೆ 192 ಪಿಕ್ಸೆಲ್, ಉದ್ದಕ್ಕೆ ಒಂದು ಅಂಗುಲಕ್ಕೆ 172.8 ಪಿಕ್ಸೆಲ್ ಬೀಳುತ್ತದೆ. ಅಂದರೆ ವೃತ್ತ ಶೇಕಡಾ 11ರಷ್ಟು ಅಗಲವಾಗುತ್ತದೆ, ಮುಖ ಬರೆದರೆ ಎಲ್ಲರೂ ತುಸು ದಪ್ಪಗಾಗುತ್ತಾರೆ. ಅಷ್ಟೇ ಗಾತ್ರದ ಇನ್ನೊಂದು ಮಾನಿಟರನ್ನು ಪಕ್ಕಕ್ಕೆ ಇಟ್ಟಾಗ ಟ್ಯಾಬ್ಲೆಟ್ಟಿನ ಅದೇ 10 ಅಂಗುಲ 3840 ಪಿಕ್ಸೆಲ್ಲಿಗೆ ಹರಡಿಕೊಂಡು, ಅಡ್ಡಲಾಗಿ ಅಂಗುಲಕ್ಕೆ 384 ಪಿಕ್ಸೆಲ್ ಆಗುತ್ತದೆ. ಆಗ ವೃತ್ತದ ಅಗಲ ಎತ್ತರದ ಎರಡು ಪಟ್ಟಿಗಿಂತಲೂ ಹೆಚ್ಚು.

ಡ್ರೈವರಿನಲ್ಲಿ ಟ್ಯಾಬ್ಲೆಟ್ಟಿನ ಜಾಗವನ್ನು ಪರದೆಗೆ ಹೊಂದಿಸುವ ಪುಟ ಇರುತ್ತದೆ. ಅಲ್ಲಿ ಎಲ್ಲ ಮಾನಿಟರುಗಳ ಬದಲು ನೀವು ಚಿತ್ರ ಬರೆಯುವ ಒಂದು ಮಾನಿಟರನ್ನು ಮಾತ್ರ ಆರಿಸಿ, ಅನುಪಾತವನ್ನು ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಮೇಲಿನ ಉದಾಹರಣೆಯಲ್ಲಿ ಬರೆಯುವ ಜಾಗ 10ಕ್ಕೆ 5.625 ಅಂಗುಲ ಆಗುತ್ತದೆ, ಕೆಳಗೆ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು ಜಾಗ ಸತ್ತುಹೋಗುತ್ತದೆ. ಕೊಂಡ ಜಾಗ ವ್ಯರ್ಥವಾಯಿತೆಂದು ಕೆಲವರಿಗೆ ನೋವಾಗುತ್ತದೆ, ಆದರೆ ವೃತ್ತ ವೃತ್ತವಾಗಿ ಬರುವುದು ಅದಕ್ಕಿಂತ ದೊಡ್ಡ ಲಾಭ. ಎರಡನೆಯ ಮಾನಿಟರಿಗೆ ಪೆನ್ನು ಹೋಗಲೇಬೇಕಾದರೆ ಪೆನ್ನಿನ ಅಥವಾ ಟ್ಯಾಬ್ಲೆಟ್ಟಿನ ಒಂದು ಗುಂಡಿಗೆ ಮಾನಿಟರ್ ಬದಲಿಸುವ ಕೆಲಸವನ್ನು ವಹಿಸಲು ಹಲವು ಡ್ರೈವರುಗಳಲ್ಲಿ ಅವಕಾಶವಿದೆ.

ಇದೇ ಸಂದರ್ಭದಲ್ಲಿ ನೀವು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕಾಗದವನ್ನು ಓರೆಯಾಗಿ ಇಟ್ಟುಕೊಂಡು ಬರೆದು ರೂಢಿಯಿರುವವರು ಟ್ಯಾಬ್ಲೆಟ್ಟನ್ನೂ ಹಾಗೆಯೇ ಇಡುತ್ತಾರೆ. ಕಾಗದದಲ್ಲಿ ಕಣ್ಣೂ ಕೈಯೂ ಒಂದೇ ಕಡೆ ಇರುವುದರಿಂದ ಅದು ನಡೆಯುತ್ತದೆ. ಟ್ಯಾಬ್ಲೆಟ್ ಓರೆಯಾಗಿದ್ದು ಪರದೆ ನೆಟ್ಟಗಿದ್ದರೆ ನೀವು ಅಡ್ಡಗೆರೆ ಎಂದು ಎಳೆದದ್ದು ಇಳಿಜಾರಾಗಿ ಬೀಳುತ್ತದೆ. ಟ್ಯಾಬ್ಲೆಟ್ಟಿನ ಅಂಚು ಮಾನಿಟರಿನ ಅಂಚಿಗೆ ಸಮಾಂತರವಾಗಿರಲಿ, ಅದರ ನಡು ಮಾನಿಟರಿನ ನಡುವಿಗೆ ನೇರವಾಗಿರಲಿ. ಎಡಗೈಯಲ್ಲಿ ಬರೆಯುವವರು ಗುಂಡಿಗಳ ಸಾಲು ಕೈಗೆ ಅಡ್ಡ ಬರದಂತೆ ಟ್ಯಾಬ್ಲೆಟ್ಟನ್ನು ಪೂರ್ತಿ ತಿರುಗಿಸಿಟ್ಟು, ಡ್ರೈವರಿನಲ್ಲಿ 180 ಡಿಗ್ರಿ ಎಂದು ತಿಳಿಸಬೇಕು.

ಪ್ರಶ್ನೆ: ಪೆನ್ನನ್ನು ಒಂದೆಡೆ ಊರಿ ಹಿಡಿದರೆ ಕರ್ಸರಿನ ಸುತ್ತ ಒಂದು ಉಂಗುರ ಕಾಣಿಸಿಕೊಳ್ಳುತ್ತದೆ, ಸಣ್ಣ ಗೆರೆಗಳು ತಡವಾಗಿ ಬೀಳುತ್ತವೆ.

ಉತ್ತರ: ಅದು ವಿಂಡೋಸಿನ ಸೌಜನ್ಯ. ಪೆನ್ನನ್ನು ಒತ್ತಿ ಹಿಡಿದರೆ ನಿಮಗೆ ಬಲ ಕ್ಲಿಕ್ ಬೇಕಿರಬಹುದು ಎಂದು ಅದು ಊಹಿಸಿ, ಆ ಉಂಗುರ ತೋರಿಸಿ ಒಂದರೆಕ್ಷಣ ಕಾಯುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ‘ಪೆನ್ ಅಂಡ್ ಟಚ್’ ಕಿಟಕಿಯಲ್ಲಿ ‘ಪ್ರೆಸ್ ಅಂಡ್ ಹೋಲ್ಡ್’ ಆರಿಸಿ, ಸೆಟ್ಟಿಂಗ್ಸ್ ಒತ್ತಿ, ಬಲ ಕ್ಲಿಕ್ಕಿಗೆ ಅದನ್ನು ಬಳಸುವ ಗುರುತನ್ನು ತೆಗೆದುಹಾಕಿ. ಬಲ ಕ್ಲಿಕ್ಕಿಗೆ ಪೆನ್ನಿನ ಬದಿಯ ಗುಂಡಿ ಇದ್ದೇ ಇದೆ.

ಪ್ರಶ್ನೆ: ಪರದೆಯೇ ಇರುವ ಪೆನ್ ಡಿಸ್‌ಪ್ಲೇ ತಂದಿದ್ದೇನೆ. ಡೆಸ್ಕ್‌ಟಾಪಿಗೆ ಜೋಡಿಸಿದರೆ ‘ನೋ ಸಿಗ್ನಲ್’ ಎಂದು ಬರುತ್ತದೆ. ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ಒಂದೇ ಕೇಬಲ್ಲಿನಿಂದ ಕೆಲಸ ಮಾಡುತ್ತದೆ.

ಉತ್ತರ: ಪೆನ್ ಡಿಸ್‌ಪ್ಲೇ ಎಂದರೆ ಒಂದೇ ಚೌಕಟ್ಟಿನಲ್ಲಿ ಕೂರಿಸಿದ ಎರಡು ಸಾಧನಗಳು: ಒಂದು ಮಾನಿಟರ್, ಒಂದು ಟ್ಯಾಬ್ಲೆಟ್. ಮಾನಿಟರಿಗೆ ಚಿತ್ರ ಬೇಕು, ಟ್ಯಾಬ್ಲೆಟ್ಟಿಗೆ ಯುಎಸ್‌ಬಿ ಬೇಕು, ಎರಡಕ್ಕೂ ವಿದ್ಯುತ್ ಬೇಕು. ನಿಮ್ಮ ಸ್ನೇಹಿತರ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟು ಈ ಮೂರನ್ನೂ ಒಟ್ಟಿಗೆ ಹೊರುತ್ತದೆ. ಡೆಸ್ಕ್‌ಟಾಪಿನಲ್ಲಿ ಅದೇ ಆಕಾರದ ಪೋರ್ಟು ಇದ್ದರೂ ಅದರಲ್ಲಿ ಚಿತ್ರದ ಸಂಕೇತ ಬರಬೇಕೆಂಬ ನಿಯಮವಿಲ್ಲ; ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಇದ್ದರೆ ಮಾತ್ರ ಬರುತ್ತದೆ, ಅನೇಕ ಮದರ್‌ಬೋರ್ಡುಗಳಲ್ಲಿ ಅದಿಲ್ಲ. ಬಾಯಿ ಒಂದೇ ಆಕಾರ, ಒಳಗಿನ ಗಂಟಲು ಬೇರೆ.

ಆದ್ದರಿಂದ ಎಚ್‌ಡಿಎಂಐ ಮತ್ತು ಯುಎಸ್‌ಬಿ ಬಾಲಗಳೆರಡೂ ಇರುವ ಕೇಬಲ್ಲನ್ನು ಬಳಸಿ, ವಿದ್ಯುತ್ತಿಗೆ ಅದರ ಅಡಾಪ್ಟರನ್ನೇ ಜೋಡಿಸಿ. ಇನ್ನೊಂದು ಎಚ್ಚರಿಕೆ: ಕ್ಯಾಬಿನೆಟ್ಟಿನ ಹಿಂದೆ ಎಚ್‌ಡಿಎಂಐ ಪೋರ್ಟು ಎರಡು ಕಡೆ ಇರಬಹುದು. ಯುಎಸ್‌ಬಿ ಪೋರ್ಟುಗಳ ಗುಂಪಿನಲ್ಲಿರುವುದು ಮದರ್‌ಬೋರ್ಡಿನದು; ಕೆಳಗೆ ಪ್ರತ್ಯೇಕವಾಗಿ ಅಡ್ಡಪಟ್ಟಿಯಲ್ಲಿರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡು ಇರುವ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಪೋರ್ಟು ಸಾಮಾನ್ಯವಾಗಿ ಮಲಗಿರುತ್ತದೆ. ನಿಮ್ಮ ಈಗಿನ ಮಾನಿಟರ್ ಎಲ್ಲಿಗೆ ಸೇರಿದೆಯೋ ಅದರ ಪಕ್ಕದಲ್ಲೇ ಇದನ್ನೂ ಸೇರಿಸಿ.

ಚಿತ್ರ ಬಂದ ಮೇಲೆ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿ. ಬಳಿಕ ಪೆನ್ನು ಈ ಪರದೆಯ ಮೇಲೆ ಆಡಿದರೆ ಕರ್ಸರ್ ಆ ಪರದೆಯಲ್ಲಿ ಓಡುತ್ತದೆ ಎಂದು ಗಾಬರಿಯಾಗಬೇಡಿ; ಡ್ರೈವರಿಗೆ ಯಾವ ಪರದೆ ತನ್ನದೆಂದು ಗೊತ್ತಿಲ್ಲ, ಅಷ್ಟೇ. ಅದರಲ್ಲಿ ಪೆನ್ ಡಿಸ್‌ಪ್ಲೇಯನ್ನು ಆರಿಸಿ, ನಂತರ ಕ್ಯಾಲಿಬ್ರೇಶನ್, ಅಂದರೆ ಮೊನೆಯನ್ನೂ ಕರ್ಸರನ್ನೂ ಒಂದೇ ಬಿಂದುವಿಗೆ ತರುವ ಹೊಂದಾಣಿಕೆ, ಮಾಡಿ. ಗುರಿಯ ಚಿಹ್ನೆಗಳನ್ನು ಮುಟ್ಟುವಾಗ ಬಗ್ಗಿ ನೋಡದೆ, ನೀವು ಎಂದಿನಂತೆ ಬರೆಯಲು ಕೂರುವ ಭಂಗಿಯಲ್ಲಿಯೇ ಮುಟ್ಟಿ, ಏಕೆಂದರೆ ಗಾಜಿನ ದಪ್ಪದಿಂದಾಗಿ ಮೊನೆಗೂ ಬಿಂದುವಿಗೂ ಕಾಣುವ ಅಂತರ ಕಣ್ಣಿನ ಕೋನವನ್ನು ಅವಲಂಬಿಸಿರುತ್ತದೆ. ಎರಡು ಮಾನಿಟರುಗಳ ‘ಸ್ಕೇಲ್’ ಬೇರೆ ಬೇರೆಯಾಗಿದ್ದರೆ, ಅಂದರೆ ಒಂದರಲ್ಲಿ ಶೇಕಡಾ 100, ಇನ್ನೊಂದರಲ್ಲಿ 150 ಎಂದಿದ್ದರೆ, ಕೆಲವು ತಂತ್ರಾಂಶಗಳಲ್ಲಿ ಗೆರೆ ಮೊನೆಯಿಂದ ದೂರ ಬೀಳುವುದುಂಟು. ಎರಡನ್ನೂ ಒಂದೇ ಮಾಡಿ ಪರೀಕ್ಷಿಸಿ.

ಪ್ರಶ್ನೆ: ಲಿನಕ್ಸ್ ಇರುವ ಡೆಸ್ಕ್‌ಟಾಪಿನಲ್ಲಿ ಟ್ಯಾಬ್ಲೆಟ್ ಬಳಸಲು ಸಾಧ್ಯವೇ? ಅಂಗಡಿಯವರು ಆಗುವುದಿಲ್ಲ ಎಂದರು.

ಉತ್ತರ: ಆಗುತ್ತದೆ, ಕೆಲವು ವಿಷಯಗಳಲ್ಲಿ ವಿಂಡೋಸಿಗಿಂತ ಸುಲಭವಾಗಿಯೂ ಆಗುತ್ತದೆ. ವಾಕಮ್ ಕಂಪನಿಯ ಟ್ಯಾಬ್ಲೆಟ್ಟುಗಳ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಇರುವುದರಿಂದ ಚುಚ್ಚಿದ ಕೂಡಲೇ ಒತ್ತಡ ಸಮೇತ ಕೆಲಸ ಮಾಡುವುದೇ ಸಾಮಾನ್ಯ. ಹ್ಯುಯಾನ್, ಎಕ್ಸ್‌ಪಿ-ಪೆನ್, ಗಾವೊಮಾನ್ ಮುಂತಾದವುಗಳ ಹಲವು ಮಾಡೆಲ್ಲುಗಳಿಗೆ ಡಿಜಿಮೆಂಡ್ ಎಂಬ ಸ್ವಯಂಸೇವಕರ ಯೋಜನೆಯ ದುಡಿಮೆಯಿಂದ ಕರ್ನಲ್ಲಿನಲ್ಲಿ ಬೆಂಬಲ ದೊರೆತಿದೆ. ಹ್ಯುಯಾನ್ ಮತ್ತು ಎಕ್ಸ್‌ಪಿ-ಪೆನ್ ಕಂಪನಿಗಳು ತಮ್ಮದೇ ಲಿನಕ್ಸ್ ಡ್ರೈವರುಗಳನ್ನೂ ಕೊಡುತ್ತವೆ. ಇವೆಲ್ಲ ಕೈಕೊಟ್ಟಾಗ ಓಪನ್‌ಟ್ಯಾಬ್ಲೆಟ್‌ಡ್ರೈವರ್ ಎಂಬ ಮುಕ್ತ ತಂತ್ರಾಂಶವಿದೆ. ಆದರೆ ಒಂದು ಸಾಧನವನ್ನು ಇಬ್ಬರು ಹಿಡಿದೆಳೆಯುವ ಸಮಸ್ಯೆ ಇಲ್ಲೂ ಉಂಟು. ಓಪನ್‌ಟ್ಯಾಬ್ಲೆಟ್‌ಡ್ರೈವರ್ ಬಳಸುವಾಗ ಕರ್ನಲ್ಲಿನ ಡ್ರೈವರ್ ಆ ಟ್ಯಾಬ್ಲೆಟ್ಟನ್ನು ಹಿಡಿಯದಂತೆ ತಡೆಯಬೇಕಾಗುತ್ತದೆ, ಅದರ ಕೈಪಿಡಿಯಲ್ಲಿ ವಿಧಾನವಿದೆ.

ಹಳೆಯ ಸಲಹೆಗಳನ್ನು ಓದಿ ಗೊಂದಲಕ್ಕೆ ಬೀಳುವವರು ಹೆಚ್ಚಾಗಿರುವುದರಿಂದ ಇದನ್ನೂ ಹೇಳಬೇಕು. ಟ್ಯಾಬ್ಲೆಟ್ಟನ್ನು ಒಂದು ಮಾನಿಟರಿಗೆ ಸೀಮಿತಗೊಳಿಸಲು ಎಕ್ಸ್‌ಸೆಟ್‌ವಾಕಮ್ ಎಂಬ ಆದೇಶವನ್ನು ಬಳಸುವಂತೆ ಅನೇಕ ಕಡೆ ಬರೆದಿರುತ್ತಾರೆ. ಅದು ಎಕ್ಸ್11 ಎಂಬ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಗೆ ಮಾಡಿದ್ದು. ಈಗಿನ ಬಹಳ ಲಿನಕ್ಸ್ ವಿತರಣೆಗಳು ಆರಂಭದಿಂದಲೇ ಅದರ ಜಾಗಕ್ಕೆ ಬಂದ ವೇಲ್ಯಾಂಡಿನಲ್ಲಿ ನಡೆಯುತ್ತವೆ, ಅಲ್ಲಿ ಆ ಆದೇಶ ನಡೆಯುವುದಿಲ್ಲ. ವೇಲ್ಯಾಂಡಿನಲ್ಲಿ ಗ್ನೋಮ್ ಅಥವಾ ಕೆಡಿಇ (ಲಿನಕ್ಸಿನ ಡೆಸ್ಕ್‌ಟಾಪ್ ಪರಿಸರಗಳು) ಸೆಟ್ಟಿಂಗ್ಸ್ ಒಳಗಿರುವ ಟ್ಯಾಬ್ಲೆಟ್ ಪುಟದಿಂದಲೇ ಮಾನಿಟರನ್ನೂ ಗುಂಡಿಗಳನ್ನೂ ಹೊಂದಿಸಬೇಕು. ನಿಮ್ಮ ಕಂಪ್ಯೂಟರ್ ಯಾವುದರಲ್ಲಿದೆ ಎಂದು ಮೊದಲು ನೋಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಪ್ರಶ್ನೆ: ಮ್ಯಾಕ್ ಡೆಸ್ಕ್‌ಟಾಪಿನಲ್ಲಿ ಡ್ರೈವರ್ ಹಾಕಿದ್ದೇನೆ. ಕರ್ಸರ್ ಓಡುತ್ತದೆ, ಕ್ಲಿಕ್ ಆಗುವುದಿಲ್ಲ, ಗೆರೆ ಬೀಳುವುದಿಲ್ಲ.

ಉತ್ತರ: ಅನುಮತಿಯ ಕೊರತೆ. ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಪುಟದಲ್ಲಿ ‘ಆಕ್ಸೆಸಿಬಿಲಿಟಿ’ ಮತ್ತು ‘ಇನ್‌ಪುಟ್ ಮಾನಿಟರಿಂಗ್’ ಎಂಬ ಎರಡು ಕಡೆ ನಿಮ್ಮ ಟ್ಯಾಬ್ಲೆಟ್ ಡ್ರೈವರಿಗೆ ಒಪ್ಪಿಗೆ ಕೊಟ್ಟು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಒಪ್ಪಿಗೆ ಈಗಾಗಲೇ ಇದ್ದಂತೆ ಕಂಡರೆ, ಅದು ಹಳೆಯ ಆವೃತ್ತಿಯ ಡ್ರೈವರಿಗೆ ಕೊಟ್ಟದ್ದಾಗಿರಬಹುದು. ಆ ನಮೂದನ್ನು ತೆಗೆದು ಮತ್ತೆ ಸೇರಿಸಿ.

ಪ್ರಶ್ನೆ: ನನ್ನಲ್ಲಿ 1024 ಒತ್ತಡ ಮಟ್ಟಗಳ ಹಳೆಯ ಟ್ಯಾಬ್ಲೆಟ್ ಇದೆ. ಈಗಿನವುಗಳಲ್ಲಿ 8192 ಇರುತ್ತದಂತೆ. ಹಳೆಯದನ್ನು ಬಳಸುವುದರಲ್ಲಿ ಅರ್ಥವಿದೆಯೇ?

ಉತ್ತರ: ಅದು ಈಗಲೂ ಕಂಪ್ಯೂಟರಿಗೆ ಜೋಡಣೆಯಾಗಿ ಒತ್ತಡ ಕೊಡುತ್ತಿದ್ದರೆ ಖಂಡಿತ ಇದೆ. ಮೆಲ್ಲನೆಯ ಸ್ಪರ್ಶದಿಂದ ಪೂರ್ಣ ಒತ್ತಿನವರೆಗಿನ ವ್ಯಾಪ್ತಿಯನ್ನು ಎಷ್ಟು ಮೆಟ್ಟಿಲುಗಳಾಗಿ ಒಡೆಯಲಾಗಿದೆ ಎಂಬುದನ್ನು ಮಾತ್ರ ಆ ಸಂಖ್ಯೆ ಹೇಳುತ್ತದೆ. ನಿಮ್ಮ ಬ್ರಷ್ಷಿನ ಗರಿಷ್ಠ ಗಾತ್ರ 30 ಪಿಕ್ಸೆಲ್ ಎಂದಾದರೆ 1024 ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಪಿಕ್ಸೆಲ್ಲಿನ ಮೂವತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸ. ಅದನ್ನು ಎಂಟು ಪಟ್ಟು ಸಣ್ಣದಾಗಿಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕೈಗೆ ಗೊತ್ತಾಗುವುದು ಬೇರೆಯೇ ಸಂಗತಿ: ಎಷ್ಟು ಹಗುರವಾಗಿ ಮುಟ್ಟಿದರೆ ಮೊದಲ ಗೆರೆ ಬೀಳುತ್ತದೆ ಎಂಬುದು. ಜಾಹೀರಾತುಗಳು ಇದರ ಬಗ್ಗೆ ಮಾತಾಡುವುದು ಕಡಿಮೆ. ಹಳೆಯ ಪೆನ್ನುಗಳಿಗೆ ಈ ಮೊದಲ ಒತ್ತು ತುಸು ಹೆಚ್ಚು ಬೇಕಾಗಬಹುದು. ಡ್ರೈವರಿನ ಒತ್ತಡದ ರೇಖೆಯನ್ನು ಮೃದುವಿನ ಕಡೆಗೆ ಎಳೆದರೆ ಸ್ವಲ್ಪ ಮಟ್ಟಿಗೆ ಸರಿದೂಗುತ್ತದೆ.

ಬಿಂದುಗಳ ಸೂಕ್ಷ್ಮತೆಯ ಬಗ್ಗೆಯೂ ಚಿಂತೆ ಬೇಡ. 1964ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆ ರೂಪಿಸಿದ ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಅಂಗುಲ ಚೌಕವಿದ್ದು, ಅದು ಅಂಗುಲಕ್ಕೆ ಸುಮಾರು 100 ಬಿಂದುಗಳನ್ನು ಗುರುತಿಸುತ್ತಿತ್ತು. ಇಂದು ಸಾಧಾರಣ ಟ್ಯಾಬ್ಲೆಟ್ಟುಗಳು ಕೂಡ ಅಂಗುಲಕ್ಕೆ 2540 ಗೆರೆಗಳನ್ನು ಗುರುತಿಸುತ್ತವೆ. 10 ಅಂಗುಲಕ್ಕೆ ಅದು 25,400 ಆಗುತ್ತದೆ, ನಿಮ್ಮ ಮಾನಿಟರಿನ ಅಗಲದಲ್ಲಿ ಇರುವುದು 1920 ಪಿಕ್ಸೆಲ್.

ಹಳೆಯ ಟ್ಯಾಬ್ಲೆಟ್ಟಿನಲ್ಲಿ ನೋಡಬೇಕಾದದ್ದು ಎರಡು. ಮೊದಲನೆಯದು ಡ್ರೈವರ್. ತಯಾರಕರು ಹಳೆಯ ಮಾಡೆಲ್ಲುಗಳನ್ನು ಹೊಸ ಡ್ರೈವರಿನಿಂದ ಕೈಬಿಡುತ್ತಾರೆ, ಆದ್ದರಿಂದ ಜಾಲತಾಣದಲ್ಲಿ ಮೇಲೆ ಕಾಣುವ ಹೊಸ ಡ್ರೈವರನ್ನಲ್ಲ, ನಿಮ್ಮ ಮಾಡೆಲ್ಲನ್ನು ಬೆಂಬಲಿಸಿದ ಕೊನೆಯ ಡ್ರೈವರನ್ನು ಹುಡುಕಿ ಹಾಕಬೇಕು. ಅದು ಈಗಿನ ವಿಂಡೋಸಿನಲ್ಲಿ ನಡೆಯದಿದ್ದರೆ ಲಿನಕ್ಸಿನಲ್ಲಿ ಒಮ್ಮೆ ಜೋಡಿಸಿ ನೋಡಿ. ಕಂಪನಿ ಮರೆತ ಟ್ಯಾಬ್ಲೆಟ್ಟುಗಳನ್ನು ಅದು ಎಷ್ಟೋ ವರ್ಷ ನೆನಪಿಟ್ಟುಕೊಂಡಿರುತ್ತದೆ. ಎರಡನೆಯದು ಪೆನ್ನಿನ ಮೊನೆ. ಒರಟು ಮೇಲ್ಮೈಯ ಮೇಲೆ ಉಜ್ಜಿ ಉಜ್ಜಿ ಅದು ಉಳಿಯ ಬಾಯಿಯಂತೆ ಓರೆಯಾಗಿ ಸವೆದಿರುತ್ತದೆ, ಅಂಥ ಮೊನೆ ಮೇಲ್ಮೈಯನ್ನೇ ಗೀಚುತ್ತದೆ. ಪೆನ್ನನ್ನು ಎತ್ತಿ ಹಿಡಿದಾಗಲೂ ಗೆರೆ ಬೀಳುತ್ತಲೇ ಇದ್ದರೆ ಮೊನೆ ಒಳಗೆ ಸಿಕ್ಕಿಕೊಂಡಿದೆ ಎಂದರ್ಥ. ಪೆಟ್ಟಿಗೆಯ ಜೊತೆ ಬರುವ ಸಣ್ಣ ಲೋಹದ ಉಂಗುರವಿರುವುದು ಮೊನೆ ಕೀಳುವುದಕ್ಕೇ. ಅದು ಕಳೆದಿದ್ದರೆ ಚಿಮಟದಿಂದ ನೆಟ್ಟಗೆ ಎಳೆಯಿರಿ, ಓರೆಯಾಗಿ ಅಲ್ಲಾಡಿಸಬೇಡಿ, ಹೊಸ ಮೊನೆಯನ್ನು ತಡೆಯುವವರೆಗೆ ಒತ್ತಿ ಕೂರಿಸಿ.